ಬಿಳಿ ವೃತ್ತದೊಳಗೆ ಮೂರು ಚುಕ್ಕೆಗಳಿವೆ

ಮಾನ್ಯ ಸಂಪಾದಕರೇ,

ಕಳೆದ ವಾರದ ವಿಜ್ಞಾನ ಪುಟದಲ್ಲಿ ದೂರದ ರೇಡಿಯೋ ಗೆಲಾಕ್ಸಿಯೊಂದರ (ರೇಡಿಯೋ ಅಲೆಗಳನ್ನು ಜೋರಾಗಿ ಹೊಮ್ಮಿಸುವ ಗೆಲಾಕ್ಸಿ) ಬಗ್ಗೆ ಬಂದ ಲೇಖನ ಓದಿದೆ. ಬರೆದವರು ಶ್ರಮಪಟ್ಟಿದ್ದಾರೆ, ಭಾಷೆಯೂ ತಿಳಿಯಾಗಿದೆ. ಆದರೆ ಎರಡು ಕಡೆ ನನ್ನ ಕಣ್ಣು ನಿಂತುಬಿಟ್ಟಿತು. ಒಂದು, ‘ರೇಡಿಯೋ ದೂರದರ್ಶಕ ತೋರಿಸಿದ ಜಾಗದತ್ತ ಬೆಳಕಿನ ದೂರದರ್ಶಕ ತಿರುಗಿಸಿದರೆ ಗೆಲಾಕ್ಸಿ ಅಲ್ಲೇ ಇತ್ತು’ ಎಂಬ ವಾಕ್ಯ. ಇನ್ನೊಂದು, ‘ಗಾಯಾ ಉಪಗ್ರಹ ಆಕಾಶವನ್ನೆಲ್ಲ ಅಳೆದು ಮುಗಿಸಿರುವುದರಿಂದ ಸ್ಥಾನ ಅಳೆಯುವ ಕೆಲಸ ಇನ್ನು ಉಳಿದಿಲ್ಲ’ ಎಂಬ ಕೊನೆಯ ಮಾತು. ಪಕ್ಕದಲ್ಲೇ ನೀವು ಅಚ್ಚು ಹಾಕಿದ ಚಿತ್ರ ನೋಡಿದರೆ ಈ ಎರಡು ಮಾತೂ ನಿಲ್ಲುವುದಿಲ್ಲ. ಅದರಲ್ಲಿ ಜಾಗ ತೋರಿಸಲು ಹಾಕಿದ ಬಿಳಿ ವೃತ್ತದೊಳಗೆ ಮೂರು ಚುಕ್ಕೆಗಳಿವೆ. ಲೇಖಕರು ಎಲ್ಲಕ್ಕಿಂತ ಹೊಳೆಯುವುದನ್ನು ಎತ್ತಿಕೊಂಡು ‘ಇದೇ’ ಎಂದಿದ್ದಾರೆ.

ಇದನ್ನು ಹೇಳಲು ನೀವು ಯಾರು ಎಂದು ಕೇಳಬಹುದು. ನಾನು ಖಗೋಳ ವಿಜ್ಞಾನಿಯಲ್ಲ. ಒಂದು ವೀಕ್ಷಣಾಲಯದ ಅಳತೆ ಕೋಣೆಯಲ್ಲಿ 1976ರಿಂದ 31 ವರ್ಷ ಕೂತು ನಿವೃತ್ತಳಾದವಳು. ದೂರದರ್ಶಕದ ಹತ್ತಿರ ಹೋಗಿದ್ದು ಲೆಕ್ಕ ಹಾಕಿದರೆ ಹತ್ತು ಸಲವೂ ಇರಲಿಕ್ಕಿಲ್ಲ. ವಿಜ್ಞಾನಿಗಳು ರಾತ್ರಿ ಹಿಡಿದು ತಂದ ಆಕಾಶವನ್ನು ಹಗಲು ಹೊತ್ತು ಗಾಜಿನ ಮೇಲೆ ಅಳೆಯುವುದು ನನ್ನ ಕೆಲಸವಾಗಿತ್ತು. ವಿಜ್ಞಾನಿಗಳು ಬರೆದ ಪ್ರಬಂಧದಲ್ಲಿ ಅದು ಒಂದು ಸಾಲು: ‘ಬೆಳಕಿನ ಸ್ಥಾನವನ್ನು ಅಳೆಯಲಾಯಿತು’. ಆ ‘ಅಳೆಯಲಾಯಿತು’ ಅನ್ನುವ ಪದದ ಹಿಂದೆ ಕೆಲವೊಮ್ಮೆ ಮೂರು ವಾರ ಇರುತ್ತಿತ್ತು.

ಮೊದಲು ಅಳತೆಗೋಲು. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಕಲೆ, ಕಲೆಯನ್ನು ಅರವತ್ತು ಪಾಲು ಮಾಡಿದರೆ ಒಂದು ವಿಕಲೆ. ಆರ್ಕ್ ಸೆಕೆಂಡ್ ಅನ್ನುವುದು ಇದನ್ನೇ. ಕೋಣೆಯಲ್ಲಿ ನಾವು ಬರೀ ‘ಸೆಕೆಂಡ್’ ಅನ್ನುತ್ತಿದ್ದೆವು. ಗಡಿಯಾರದ ಸೆಕೆಂಡಿಗೂ ಇದಕ್ಕೂ ಗೊಂದಲವಾಗದಿರಲೆಂದು ಇಲ್ಲಿ ವಿಕಲೆ ಎಂದೇ ಬರೆಯುತ್ತೇನೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1,800 ವಿಕಲೆ. ಭೂಮಿಯ ಮೇಲಿನ ಒಳ್ಳೆಯ ದೂರದರ್ಶಕದಲ್ಲೂ ಗಾಳಿಯ ನಡುಕದಿಂದ ಒಂದು ನಕ್ಷತ್ರದ ಚುಕ್ಕೆ ಹತ್ತಿರಹತ್ತಿರ ಒಂದು ವಿಕಲೆಯಷ್ಟು ಹರಡುತ್ತದೆ.

ಈಗ ಕೋಣೆಗೆ ಬನ್ನಿ. ಅಮೆರಿಕದ ಪಾಲೊಮಾರ್ ಆಕಾಶ ಸಮೀಕ್ಷೆಯ ಪ್ಲೇಟು ಎಂದರೆ ಆಕಾಶದ ಫೋಟೋ ಮೂಡಿದ 14 ಇಂಚು ಚೌಕದ ಗಾಜು. ಅದರ ಮೇಲಿನ ಒಂದು ಮಿಲಿಮೀಟರಿನಲ್ಲಿ ಆಕಾಶದ 67 ವಿಕಲೆ ಕೂತಿರುತ್ತದೆ. ಅಂದರೆ ಒಂದು ವಿಕಲೆಗೆ 15 ಮೈಕ್ರಾನ್. ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಪ್ಲೇಟಿನ ಮೇಲೆ ನನ್ನದೊಂದು ಕೂದಲು ಬಿದ್ದರೆ ನಾಲ್ಕೈದು ವಿಕಲೆ ಮುಚ್ಚಿಹೋಗುತ್ತಿತ್ತು. ‘ಕೂದಲೆಳೆಯ ಅಂತರದಲ್ಲಿ ಪಾರಾದರು’ ಎಂದು ಯಾರಾದರೂ ಬರೆದರೆ ನನಗೆ ಇವತ್ತಿಗೂ ಅದು ಬಹಳ ದೊಡ್ಡ ಅಂತರ ಅನ್ನಿಸುತ್ತದೆ.

ಅಳೆಯುವ ಯಂತ್ರ ಎಂದರೆ ಒಂದು ಭಾರದ ಮೇಜು, ಅದರ ಮೇಲೆ ಎರಡು ದಿಕ್ಕಿಗೆ ಸರಿಯುವ ಚೌಕಟ್ಟು, ಸರಿಸಲು ಉದ್ದನೆಯ ತಿರುಪು, ಮೇಲೊಂದು ಸೂಕ್ಷ್ಮದರ್ಶಕ. ಕಣ್ಣಿಟ್ಟರೆ ಬೂದು ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆಗಳು (ನೆಗೆಟಿವ್ ಆದ್ದರಿಂದ ನಕ್ಷತ್ರ ಕಪ್ಪು), ನಡುವೆ ಒಂದು ಕೂಡುಗೆರೆ. ಗೆರೆಯನ್ನು ಚುಕ್ಕೆಯ ನಡುಮಧ್ಯಕ್ಕೆ ತಂದು ಓದು ಬರೆದುಕೊಳ್ಳಬೇಕು. ಹೊಳೆಯುವ ನಕ್ಷತ್ರವಾದರೆ ಚುಕ್ಕೆ ದುಂಡಗೆ, ಅಂಚು ಚೂಪಾಗಿ ಇರುತ್ತದೆ. ಆದರೆ ನಮಗೆ ಬೇಕಾಗಿದ್ದ ಕ್ವೇಸಾರ್ (ನಕ್ಷತ್ರದಂತೆ ಕಾಣುವ, ಬಹಳ ದೂರದ ಗೆಲಾಕ್ಸಿಯೊಂದರ ಉಜ್ವಲ ನಡುಭಾಗ) ಪ್ಲೇಟಿನ ಮಿತಿಯ ಹತ್ತಿರ ಇರುತ್ತಿತ್ತು. ಅದು ಚುಕ್ಕೆಯಲ್ಲ, ಎಮಲ್ಷನ್ನಿನ (ಗಾಜಿಗೆ ಬಳಿದ, ಬೆಳಕು ತಾಗಿದರೆ ಕಪ್ಪಾಗುವ ಲೇಪದ) ಕೆಲವು ಕಣಗಳು ಒಂದು ಕಡೆ ಸ್ವಲ್ಪ ಹೆಚ್ಚು ಒತ್ತಾಗಿ ನಿಂತಂತೆ ಕಾಣುವ ಒಂದು ಅನುಮಾನ. ದಿಟ್ಟಿಸಿ ನೋಡಿದರೆ ಮಾಯ, ಕಣ್ಣನ್ನು ಕೊಂಚ ಪಕ್ಕಕ್ಕೆ ಸರಿಸಿದರೆ ಮತ್ತೆ ಹಾಜರ್.

ಇಂಥ ಚುಕ್ಕೆ ಓದುವಾಗ ಎಲ್ಲರೂ ಒಂದೊಂದು ಕಡೆಗೆ ವಾಲುತ್ತಾರೆ. ನನ್ನದು ಎಡಕ್ಕೆ. ಮಂದ ಚುಕ್ಕೆಗಳನ್ನು ನಾನು ಸುಮಾರು ಎರಡು ಮೈಕ್ರಾನ್ ಎಡಕ್ಕೆ ಓದುತ್ತಿದ್ದೆ, ಹೊಳೆಯುವವನ್ನು ಅಲ್ಲ. ಇದು ಗೊತ್ತಾಗಿದ್ದು ಪ್ಲೇಟನ್ನು 180 ಡಿಗ್ರಿ ತಿರುಗಿಸಿ ಮತ್ತೆ ಅಳೆದಾಗ. ಎರಡನ್ನೂ ಸರಾಸರಿ ಮಾಡಿದರೆ ಪಕ್ಷಪಾತ ಕಳೆದುಹೋಗುತ್ತದೆ. ಪ್ರತಿ ಪ್ಲೇಟನ್ನೂ ಹಾಗೆ ಎರಡೆರಡು ಸಲ ಅಳೆಯುವುದು ನಿಯಮ. ಬೆಳಗ್ಗೆ ಅಳೆದು ಮಧ್ಯಾಹ್ನ ತಿರುಗಿಸಿದರೂ ನಡೆಯುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಕೋಣೆಯ ಬಿಸಿ ಒಂದು ಡಿಗ್ರಿ ಏರಿದರೂ 14 ಇಂಚಿನ ಗಾಜು ಮೂರು ಮೈಕ್ರಾನ್ ಹಿಗ್ಗುತ್ತದೆ. ಅಳತೆಯ ನಡುವೆ ಬಾಗಿಲು ತೆಗೆದವರು ಎಷ್ಟೇ ದೊಡ್ಡ ಪ್ರೊಫೆಸರ್ ಆಗಿದ್ದರೂ ನನ್ನಿಂದ ಬೈಸಿಕೊಂಡಿದ್ದಾರೆ.

ಓದು ಬರೆದುಕೊಂಡರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಗಾಜಿನ ಮೇಲಿನ ಮಿಲಿಮೀಟರನ್ನು ಆಕಾಶದ ಸ್ಥಾನವಾಗಿ ಬದಲಿಸಬೇಕಲ್ಲ? ಅದಕ್ಕೆ ಸ್ಥಾನ ಮೊದಲೇ ತಿಳಿದಿರುವ ನಕ್ಷತ್ರಗಳು ಅದೇ ಪ್ಲೇಟಿನಲ್ಲಿ ಬೇಕು. ಮೂರಿದ್ದರೆ ಸಮೀಕರಣ ಬಿಡಿಸಬಹುದು, ಹತ್ತು ಹದಿನೈದಿದ್ದರೆ ನೆಮ್ಮದಿ. ನಮ್ಮ ಕಪಾಟಿನಲ್ಲಿದ್ದದ್ದು 1966ರ ಎಸ್‌ಎಒ (ಅಮೆರಿಕದ ಸ್ಮಿತ್ಸೋನಿಯನ್ ವೀಕ್ಷಣಾಲಯ) ಪಟ್ಟಿ, ಎರಡೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳದ್ದು. ಆದರೆ ಅದರಲ್ಲಿರುವವು ಬಹುಪಾಲು ಒಂಬತ್ತನೇ ಕಾಂತಿಮಾನದೊಳಗಿನವು. ಕಾಂತಿಮಾನ ಎಂಬ ಅಳತೆ ತಲೆಕೆಳಗಾದದ್ದು: ಅಂಕಿ ದೊಡ್ಡದಾದಷ್ಟೂ ವಸ್ತು ಮಂದ, ಐದು ಮೆಟ್ಟಿಲಿಗೆ ನೂರು ಪಟ್ಟು. ಬರಿಗಣ್ಣಿನ ಮಿತಿ ಆರು. ಕ್ವೇಸಾರ್ 19 ಎಂದರೆ ಒಂಬತ್ತರ ನಕ್ಷತ್ರಕ್ಕಿಂತ ಹತ್ತು ಸಾವಿರ ಪಟ್ಟು ಮಂದ. ಕ್ವೇಸಾರ್ ಕಾಣುವಷ್ಟು ಹೊತ್ತು ಬೆಳಕು ತಾಗಿಸಿದ ಪ್ಲೇಟಿನಲ್ಲಿ ಪಟ್ಟಿಯ ನಕ್ಷತ್ರ ಸುಟ್ಟುಹೋಗಿ, ನಾಲ್ಕು ಮೂಲೆಗೆ ಕೋಡು ಚಾಚಿದ ಕಪ್ಪು ಮಚ್ಚೆಯಾಗಿರುತ್ತದೆ. ಅದರ ನಡುಮಧ್ಯ ಎಲ್ಲಿ ಅಂತ ಹೇಳುವುದು? ಹಾಗಾಗಿ ನಡುವೆ ಒಂದು ಮೆಟ್ಟಿಲು. ಬೇರೊಂದು ಚಿಕ್ಕ ದೂರದರ್ಶಕದ ಪ್ಲೇಟಿನಲ್ಲಿ ಪಟ್ಟಿಯ ನಕ್ಷತ್ರಗಳ ಆಧಾರದ ಮೇಲೆ ಹನ್ನೆರಡು, ಹದಿಮೂರನೇ ಕಾಂತಿಮಾನದ ನಕ್ಷತ್ರಗಳ ಸ್ಥಾನ ಕಟ್ಟಿಕೊಂಡು, ಅವನ್ನು ಹಿಡಿದು ದೊಡ್ಡ ಪ್ಲೇಟಿನ ಕ್ವೇಸಾರಿಗೆ ಇಳಿಯಬೇಕು. ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ದೋಷ ಸೇರುತ್ತದೆ. ಸಾಲದ್ದಕ್ಕೆ ನಕ್ಷತ್ರಗಳು ಸುಮ್ಮನಿರುವುದಿಲ್ಲ, ಸರಿಯುತ್ತಲೇ ಇರುತ್ತವೆ. ಪಟ್ಟಿ ಹಳೆಯದಾದಷ್ಟೂ ಅದರ ಮಾತಿನ ಮೇಲೆ ಭರವಸೆ ಕಡಿಮೆ.

ಇಷ್ಟೆಲ್ಲ ಮಾಡಿ ದೋಷವನ್ನು ಅರ್ಧ ವಿಕಲೆಗೆ ತಂದರೆ ನಾವು ಅವತ್ತು ಚಹಾಕ್ಕೆ ಎದ್ದು ಹೋಗುತ್ತಿದ್ದೆವು.

ಈಗ ನನ್ನ ತಪ್ಪಿನ ಕಥೆ. ಲೇಖಕರ ಮೇಲೆ ಬೆರಳು ತೋರಿಸುವ ಮುಂಚೆ ಇದನ್ನು ಹೇಳಬೇಕು, ಏಕೆಂದರೆ ಅವರು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಎಂಬತ್ತರ ದಶಕದ ಆರಂಭ. ಒಂದು ರೇಡಿಯೋ ಆಕರ (ರೇಡಿಯೋ ಅಲೆ ಹೊಮ್ಮಿಸುವ ವಸ್ತು), ಅದರ ರೇಡಿಯೋ ಸ್ಥಾನದ ಅನುಮಾನ, ಅಂದರೆ ಆಚೀಚೆ ತಪ್ಪಿರಬಹುದಾದ ಅಳತೆ, ಸುಮಾರು ಒಂದು ವಿಕಲೆ. ಪ್ಲೇಟಿನಲ್ಲಿ ಆ ಜಾಗದ ಹತ್ತಿರ ಹದಿನೆಂಟರ ಆಸುಪಾಸಿನ ಒಂದು ಅಚ್ಚುಕಟ್ಟಾದ ಚುಕ್ಕೆ. ಕೆಂಪು ಪ್ಲೇಟಿಗಿಂತ ನೀಲಿ ಪ್ಲೇಟಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕ್ವೇಸಾರುಗಳ ಲಕ್ಷಣವೇ ಅದು. ಅಳೆದೆ. ರೇಡಿಯೋ ಸ್ಥಾನದಿಂದ 3.4 ವಿಕಲೆ ಆಚೆ ಬಂತು. ಪ್ಲೇಟಿನ ಮೇಲೆ ಐವತ್ತು ಮೈಕ್ರಾನ್, ನಿಜಕ್ಕೂ ಕೂದಲೆಳೆಗಿಂತ ಕಡಿಮೆ. ಅನುಮಾನದ ಮೂರೂವರೆ ಪಟ್ಟು ದೂರ ಎಂದು ಕಾಗದ ಹೇಳುತ್ತಿತ್ತು. ಆದರೆ ಚುಕ್ಕೆ ನೀಲಿ, ಒಂಟಿ, ಮುದ್ದಾಗಿತ್ತು. ನನ್ನ ಮೆಟ್ಟಿಲುಗಳಲ್ಲೇ ಎಲ್ಲೋ ದೋಷ ಸೇರಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಷರಾ ಕಾಲಮ್ಮಿನಲ್ಲಿ ‘ಗುರುತಿಸಲಾಗಿದೆ’ ಎಂದು ಬರೆದೆ.

ಆ ಒಂದು ಪದ ನಂಬಿ ದೊಡ್ಡ ದೂರದರ್ಶಕದ ಅರ್ಧ ರಾತ್ರಿ ಅದಕ್ಕೆ ಮೀಸಲಾಯಿತು. ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಬಂತು. ಕ್ವೇಸಾರಿನ ಅಗಲವಾದ ಗೆರೆಗಳಿಲ್ಲ, ಕೆಂಪು ಪಲ್ಲಟವಿಲ್ಲ (ದೂರದ ವಸ್ತುವಿನ ಗೆರೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ). ನಮ್ಮದೇ ಆಕಾಶಗಂಗೆಯ ಒಂದು ಬಿಳಿ ಕುಬ್ಜ ನಕ್ಷತ್ರ, ರೇಡಿಯೋಗೂ ಅದಕ್ಕೂ ಸಂಬಂಧವೇ ಇಲ್ಲ, ದಾರಿಯಲ್ಲಿ ನಿಂತಿತ್ತಷ್ಟೇ. ಬಹಳ ವರ್ಷಗಳ ನಂತರ ಎಲೆಕ್ಟ್ರಾನಿಕ್ ಸಿಸಿಡಿ ಕ್ಯಾಮೆರಾ ಬಂದಾಗ ಅದೇ ಜಾಗವನ್ನು ಮತ್ತೆ ತೆಗೆದರು. ರೇಡಿಯೋ ಸ್ಥಾನದಿಂದ 0.3 ವಿಕಲೆಯಲ್ಲಿ, ನನ್ನ ಮುದ್ದು ಚುಕ್ಕೆಯ ಪಕ್ಕದಲ್ಲೇ, ಒಂದು ಮಬ್ಬು ಗೆಲಾಕ್ಸಿ ಕೂತಿತ್ತು. ಪ್ಲೇಟಿಗೆ ಅದನ್ನು ಕಾಣುವ ಶಕ್ತಿಯೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಮೇಲಧಿಕಾರಿ ಬೈಯಲಿಲ್ಲ. ಮರುದಿನದಿಂದ ಒಂದು ಬದಲಾವಣೆ ಮಾತ್ರ ಮಾಡಿದರು: ಅಳೆಯುವ ಮುಂಚೆ ರೇಡಿಯೋ ಸ್ಥಾನವನ್ನು ನನಗೆ ಕೊಡುವುದನ್ನು ನಿಲ್ಲಿಸಿದರು. ಪ್ಲೇಟಿನ ಒಂದು ಪುಟ್ಟ ಚೌಕಕ್ಕೆ ಗುರುತು ಹಾಕಿ ‘ಇದರೊಳಗೆ ಕಾಣುವ ಎಲ್ಲವನ್ನೂ ಅಳೆಯಿರಿ’ ಎನ್ನುತ್ತಿದ್ದರು. ಉತ್ತರ ಗೊತ್ತಿದ್ದರೆ ಕೈ ಅತ್ತ ಸರಿಯುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತೇನೆ: ತಿರುಪಿನ ಮೇಲಿನ ಬೆರಳಿಗೆ ಕೂಡ ಆಸೆ ಇರುತ್ತದೆ.

ಲೇಖಕರ ‘ಅಲ್ಲೇ ಇತ್ತು’ ಎಂಬ ಮಾತಿಗೆ ನನ್ನ ತಕರಾರು ಈ ಕಾರಣಕ್ಕೆ. ‘ಅಲ್ಲಿ’ ಎಂದರೆ ಎಷ್ಟು ದೊಡ್ಡ ಅಲ್ಲಿ? ಐದು ವಿಕಲೆ ತ್ರಿಜ್ಯದ ವೃತ್ತ ಬರೆಯುವುದಕ್ಕೂ ಅರ್ಧ ವಿಕಲೆಯದ್ದು ಬರೆಯುವುದಕ್ಕೂ ಕ್ಷೇತ್ರಫಲದಲ್ಲಿ ನೂರು ಪಟ್ಟು ವ್ಯತ್ಯಾಸ. ದೊಡ್ಡ ವೃತ್ತದಲ್ಲಿ ದಾರಿಹೋಕರು ನೂರು ಪಟ್ಟು ಹೆಚ್ಚು ಸಿಗುತ್ತಾರೆ. ದೂರದರ್ಶಕದ ಶಕ್ತಿ ಹೆಚ್ಚಿದಂತೆ ಕಷ್ಟ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮಂದ ಗೆಲಾಕ್ಸಿಗಳು ಆಕಾಶದ ತುಂಬ ಇವೆ, ಆಳಕ್ಕೆ ನೋಡಿದಷ್ಟೂ ಯಾವ ವೃತ್ತವೂ ಖಾಲಿ ಇರುವುದಿಲ್ಲ. ಇನ್ನು ರೇಡಿಯೋ ಗೆಲಾಕ್ಸಿಗಳ ಕಥೆ ಬೇರೆ. ಅವುಗಳ ರೇಡಿಯೋ ಹೊಳಪು ಬಹಳ ಸಲ ಗೆಲಾಕ್ಸಿಯ ಮೇಲೆ ಇರುವುದೇ ಇಲ್ಲ. ಸಿಗ್ನಸ್ ಎ ಎಂಬ ರೇಡಿಯೋ ಗೆಲಾಕ್ಸಿಯ ರೇಡಿಯೋ ಹೊಳಪು ಎರಡು ತುಂಡಾಗಿದೆ ಎಂದು 1953ರಲ್ಲಿ ಜೆನಿಸನ್ ಮತ್ತು ಮೃಣಾಲ್ ದಾಸ್‌ಗುಪ್ತ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ ತೋರಿಸಿದರು. ಎರಡೂ ತುಂಡು ಗೆಲಾಕ್ಸಿಯ ಆಚೆ ಈಚೆ, ಗೆಲಾಕ್ಸಿ ನಡುವೆ. ರೇಡಿಯೋ ಎಲ್ಲಿ ಜೋರಾಗಿದೆಯೋ ಅಲ್ಲಿ ಬೆಳಕು ಹುಡುಕಿದ್ದರೆ ಬರಿಗೈ.

ಸ್ಥಾನದಿಂದ ಏನಾಗುತ್ತದೆ ಎಂಬುದಕ್ಕೆ 3ಸಿ 273 ಎಂಬ ರೇಡಿಯೋ ಆಕರದಷ್ಟು ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅರವತ್ತರ ದಶಕದ ಆರಂಭದಲ್ಲಿ ರೇಡಿಯೋ ದೂರದರ್ಶಕಗಳ ಕಣ್ಣು ಬಹಳ ಮಂಜು. ಆಗ ಹೊಳೆದ ಉಪಾಯ ಚಂದ್ರ. ಚಂದ್ರ ಆಕಾಶದಲ್ಲಿ ಗಡಿಯಾರದ ಒಂದು ಸೆಕೆಂಡಿಗೆ ಸುಮಾರು ಅರ್ಧ ವಿಕಲೆ ಸರಿಯುತ್ತಾನೆ, ಅವನ ಅಂಚು ಎಲ್ಲಿದೆ ಎಂದು ಯಾವ ಕ್ಷಣಕ್ಕೆ ಬೇಕಾದರೂ ಲೆಕ್ಕ ಹಾಕಬಹುದು. ಅವನು ಆಕರವನ್ನು ಮುಚ್ಚಿದ ಕ್ಷಣ, ಬಿಟ್ಟ ಕ್ಷಣ ಎರಡನ್ನೂ ಗುರುತಿಸಿಕೊಂಡರೆ ಸಾಕು, ಸ್ಥಾನ ವಿಕಲೆಯ ಲೆಕ್ಕದಲ್ಲಿ ಕೈಗೆ ಬರುತ್ತದೆ. ಸಿರಿಲ್ ಹಜಾರ್ಡ್ ಮತ್ತು ಜೊತೆಗಾರರು 1962ರ ಆಗಸ್ಟ್ 5ರಂದು ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಇದನ್ನೇ ಮಾಡಿದರು. ಸಿಕ್ಕಿದ್ದು ಒಂದಲ್ಲ, ಸುಮಾರು 20 ವಿಕಲೆ ಅಂತರದ ಎರಡು ಬಿಂದು. ಒಂದು ಬಿಂದು ಹದಿಮೂರನೇ ಕಾಂತಿಮಾನದ ಒಂದು ‘ನಕ್ಷತ್ರ’ದ ಮೇಲೆ ಕೂತಿತು, ಇನ್ನೊಂದು ಅದರಿಂದ ಹೊರಟ ಒಂದು ತೆಳು ಗೀರಿನ ತುದಿಯಲ್ಲಿ. ಆ ‘ನಕ್ಷತ್ರ’ದ ರೋಹಿತವನ್ನು ಮಾರ್ಟೆನ್ ಶ್ಮಿಟ್ ಬಿಡಿಸಿದಾಗ ಕೆಂಪು ಪಲ್ಲಟ 0.158 ಬಂತು. 1963ರ ಮಾರ್ಚಿನಲ್ಲಿ ಅದು ಪ್ರಕಟವಾಯಿತು. ಕ್ವೇಸಾರ್ ಎಂಬ ಜಾತಿಯೇ ಅಲ್ಲಿಂದ ಶುರು. ಹದಿಮೂರು ಎಂದರೆ ಹವ್ಯಾಸಿಗಳ ದೂರದರ್ಶಕಕ್ಕೂ ಕಾಣುವ ವಸ್ತು. ಎಷ್ಟೋ ವರ್ಷಗಳಿಂದ ಪ್ಲೇಟುಗಳ ಮೇಲೆ ಕೂತೇ ಇತ್ತು, ಕೇಳುವವರಿರಲಿಲ್ಲ. ಊಟಿಯ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ಗೋವಿಂದ್ ಸ್ವರೂಪ್ 1970ರಲ್ಲಿ ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ್ದೂ ಇದೇ ಚಂದ್ರನ ಉಪಾಯಕ್ಕಾಗಿ, ನೂರಾರು ಮಂದ ಆಕರಗಳಿಗೆ.

ಇದು ಹಳೆಯ ಕಾಲದ ಮಾತಾಯಿತು ಅನ್ನಬೇಡಿ. ಹಬಲ್ ದೂರದರ್ಶಕ 1995ರ ಡಿಸೆಂಬರಿನಲ್ಲಿ ಹತ್ತು ದಿನ ಒಂದೇ ಜಾಗ ದಿಟ್ಟಿಸಿ ತೆಗೆದ ಡೀಪ್ ಫೀಲ್ಡ್ ಚಿತ್ರ ಎಲ್ಲರೂ ನೋಡಿರುತ್ತೀರಿ, ಮೂರು ಸಾವಿರ ಗೆಲಾಕ್ಸಿಗಳ ಚಿತ್ರ. 1998ರಲ್ಲಿ ಹವಾಯಿಯ ಮ್ಯಾಕ್ಸ್‌ವೆಲ್ ದೂರದರ್ಶಕ ಅದೇ ಜಾಗವನ್ನು ಮಿಲಿಮೀಟರಿಗಿಂತ ಚಿಕ್ಕ ತರಂಗದಲ್ಲಿ ನೋಡಿದಾಗ ಎಲ್ಲಕ್ಕಿಂತ ಹೊಳೆದ ಆಕರಕ್ಕೆ ಎಚ್‌ಡಿಎಫ್ 850.1 ಎಂದು ಹೆಸರಿಟ್ಟರು. ಆ ದೂರದರ್ಶಕದ ಕಣ್ಣು ಒಂದೇ ನೋಟಕ್ಕೆ ಹದಿನೈದು ವಿಕಲೆಯನ್ನು ಒಂದೇ ಮಾಡಿ ನೋಡುವಂಥದ್ದು. ಹಬಲ್ ಚಿತ್ರದಲ್ಲಿ ಆ ಹದಿನೈದು ವಿಕಲೆಯೊಳಗೆ ಬೇಕಾದಷ್ಟು ಗೆಲಾಕ್ಸಿಗಳಿದ್ದವು. ಇದೋ ಅದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2012ರಲ್ಲಿ ರೇಡಿಯೋ ಗೆರೆಗಳಿಂದಲೇ ಅದರ ಕೆಂಪು ಪಲ್ಲಟ 5.18 ಎಂದು ತೀರ್ಮಾನವಾದಾಗ ಗೊತ್ತಾಗಿದ್ದು: ಅದು ಆ ಚಿತ್ರದ ಯಾವ ಗೆಲಾಕ್ಸಿಯೂ ಅಲ್ಲ. ಧೂಳಿನ ಹಿಂದೆ ಅಡಗಿದ ಆ ಗೆಲಾಕ್ಸಿ ಹಬಲ್ ಕಣ್ಣಿಗೆ ಬಿದ್ದೇ ಇರಲಿಲ್ಲ. ಮೂರು ಚುಕ್ಕೆಗಳಲ್ಲಿ ಒಂದನ್ನು ಆರಿಸುವಾಗ ‘ಮೂರೂ ಅಲ್ಲ’ ಎಂಬುದೂ ಒಂದು ಉತ್ತರ ಎಂದು ನೆನಪಿಡಬೇಕು.

ಚಿತ್ರವೇ ಸರಿದು ಕೂತಿರುವುದೂ ಉಂಟು. ಹಬಲ್‌ನ ಇನ್ನೂ ಆಳದ ಅಲ್ಟ್ರಾ ಡೀಪ್ ಫೀಲ್ಡ್ ಜಾಗದ ಚಿತ್ರಗಳ ಮೇಲೆ ರೇಡಿಯೋ ಸ್ಥಾನಗಳನ್ನು ಇಟ್ಟಾಗ ಎಲ್ಲವೂ ಒಂದೇ ದಿಕ್ಕಿಗೆ, ಸುಮಾರು ಕಾಲು ವಿಕಲೆ, ತಪ್ಪಿ ಕೂತವು. ಒಂದೆರಡು ತಪ್ಪಿದ್ದರೆ ಗೆಲಾಕ್ಸಿಯ ಸ್ವಭಾವ ಎನ್ನಬಹುದಿತ್ತು. ಎಲ್ಲವೂ ಒಟ್ಟಿಗೆ ಸರಿದರೆ ಅದು ಚೌಕಟ್ಟಿನ, ಅಂದರೆ ಸ್ಥಾನ ಅಳೆಯಲು ಹಿಡಿದ ಆಧಾರದ, ತಪ್ಪು. ಸಾವಿರಾರು ಗೆಲಾಕ್ಸಿಗಳ ಪಟ್ಟಿ, ಜಗತ್ತಿನ ಅತ್ಯಂತ ಹೆಚ್ಚು ಅಧ್ಯಯನ ಮಾಡಿದ ತುಂಡು ಆಕಾಶ, ಆಧಾರ ನಕ್ಷತ್ರಗಳ ಪಟ್ಟಿಯಲ್ಲಿದ್ದ ಹಳೆಯ ದೋಷವನ್ನು ಹೊತ್ತುಕೊಂಡು ವರ್ಷಗಟ್ಟಲೆ ಓಡಾಡಿತು. ನಮ್ಮ ಕಪಾಟಿನ ಎಸ್‌ಎಒ ಪಟ್ಟಿಯ ಮೊಮ್ಮಕ್ಕಳ ಕಥೆ ಎಂದು ಓದಿ ನಕ್ಕೆ.

ಇನ್ನು ಗಾಯಾ. ಆ ಉಪಗ್ರಹದ ಬಗ್ಗೆ ನನಗಿರುವಷ್ಟು ಗೌರವ ಯಾರಿಗೂ ಇರಲಿಕ್ಕಿಲ್ಲ. ಅದು ನನ್ನ ಇಡೀ ಕೋಣೆಯನ್ನು, ನನ್ನನ್ನೂ ಸೇರಿಸಿ, ಮ್ಯೂಸಿಯಮ್ಮಿಗೆ ಕಳಿಸಿತು. ಅದಕ್ಕೆ ಮುಂಚಿನ ಹಿಪಾರ್ಕಸ್ ಉಪಗ್ರಹ ಅಳೆದದ್ದು 1,18,218 ನಕ್ಷತ್ರ. ಮಂದ ವಸ್ತು ಅದಕ್ಕೆ ಕಾಣುತ್ತಿರಲಿಲ್ಲ. ದೂರದ ಕ್ವೇಸಾರುಗಳ ಚೌಕಟ್ಟಿಗೆ ಅದನ್ನು ಹೊಲಿಯಲು ರೇಡಿಯೋ ಹೊಮ್ಮಿಸುವ ಹನ್ನೆರಡು ನಕ್ಷತ್ರಗಳನ್ನು ರೇಡಿಯೋ ಜಾಲದಿಂದ ಅಳೆದು, ನೆರವಿಗೆ ಬೇರೆ ದಾರಿಗಳನ್ನೂ ಹಿಡಿಯಬೇಕಾಯಿತು. ಗಾಯಾ 2013ರ ಡಿಸೆಂಬರಿನಲ್ಲಿ ಹಾರಿ, ತಾನೇ ನೇರವಾಗಿ ಕ್ವೇಸಾರುಗಳನ್ನು ಅಳೆಯಿತು. ಅದರ ಮೂರನೇ ಪಟ್ಟಿಯ ಚೌಕಟ್ಟಿನಲ್ಲಿ ಸುಮಾರು 16 ಲಕ್ಷ ಕ್ವೇಸಾರುಗಳಿವೆ. ರೇಡಿಯೋದವರ ಚೌಕಟ್ಟು, 2019ರ ಜನವರಿಯಿಂದ ಜಾರಿಯಲ್ಲಿರುವ ಐಸಿಆರ್‌ಎಫ್3, ಅದರಲ್ಲಿ 4,536 ಆಕರ, ಅಡಿಪಾಯಕ್ಕೆ ಆರಿಸಿದ್ದು 303. ಭೂಖಂಡಗಳ ಆಚೀಚೆ ಇರುವ ದೂರದರ್ಶಕಗಳನ್ನು ಒಂದಾಗಿಸಿ ವಿಕಲೆಯ ಸಾವಿರದಲ್ಲೊಂದು ಪಾಲಿಗಿಂತ ಬಹಳ ಕೆಳಕ್ಕೆ ಅಳೆದವು ಅವು. ಸಾವಿರದಲ್ಲೊಂದು ವಿಕಲೆ ನನ್ನ ಪ್ಲೇಟಿನ ಮೇಲೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ: 0.015 ಮೈಕ್ರಾನ್. ಬೆಳಕಿನ ಒಂದು ಅಲೆಯ ಉದ್ದಕ್ಕಿಂತ ಮೂವತ್ತು ಪಟ್ಟಿಗೂ ಚಿಕ್ಕದು.

ಆದರೆ ಮುಗಿಯಿತು ಎಂದದ್ದು ಎಲ್ಲಿ? ಗಾಯಾ ಕಣ್ಣಿನ ಮಿತಿ ಸುಮಾರು 21. ಬರಿಗಣ್ಣಿಗಿಂತ ಹತ್ತು ಲಕ್ಷ ಪಟ್ಟು ಮಂದ, ನಿಜ. ಆದರೂ ದೂರದ ರೇಡಿಯೋ ಗೆಲಾಕ್ಸಿಗಳು 23, 24, 25ರಲ್ಲಿ ಕೂತಿವೆ. ಲೇಖನದ ಗೆಲಾಕ್ಸಿಯೂ ಆ ಪೈಕಿಯದ್ದೇ. ಅವುಗಳ ಬೆಳಕಿನ ಸ್ಥಾನ ಯಾವ ಪಟ್ಟಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ದೊಡ್ಡ ದೂರದರ್ಶಕದಲ್ಲಿ ಚಿತ್ರ ತೆಗೆದು, ಅದರಲ್ಲಿರುವ ಗಾಯಾ ನಕ್ಷತ್ರಗಳನ್ನು ಹಿಡಿದು, ಮಂದ ವಸ್ತುವಿನ ಕಡೆಗೆ ಇಳಿಯಬೇಕು. ನಾನು ಮಾಡುತ್ತಿದ್ದ ಕೆಲಸವೇ. ಮೆಟ್ಟಿಲುಗಳು ಕಡಿಮೆಯಾಗಿವೆ, ಅಷ್ಟೇ. ಈಗ ಪುಟ್ಟ ಚಿತ್ರದಲ್ಲೂ ಹದಿನೆಂಟು, ಹತ್ತೊಂಬತ್ತರ ನಕ್ಷತ್ರಗಳು ಡಜನ್‌ಗಟ್ಟಲೆ ಸಿಗುತ್ತವೆ, ಸುಟ್ಟ ಮಚ್ಚೆಯ ಕಾಟವಿಲ್ಲ.

ಉಳಿದ ಕಾಟಗಳು ಹಾಗೇ ಇವೆ. ಚುಕ್ಕೆ ಒಂದು ವಿಕಲೆ ಹರಡಿದ್ದರೂ, ಬೆಳಕು ಹಿನ್ನೆಲೆಯ ಗದ್ದಲಕ್ಕಿಂತ ಇಪ್ಪತ್ತು ಪಟ್ಟು ಮೇಲಿದ್ದರೆ ನಡುಮಧ್ಯವನ್ನು ವಿಕಲೆಯ ಐವತ್ತನೇ ಒಂದು ಪಾಲಿಗೆ ಹೇಳಬಹುದು. ಐದು ಪಟ್ಟು ಮಾತ್ರ ಇದ್ದರೆ ಹತ್ತನೇ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಮತ್ತೆ ಗಾಳಿ. ವಾತಾವರಣ ಬೆಳಕನ್ನು ಬಗ್ಗಿಸುವಾಗ ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಗ್ಗಿಸುತ್ತದೆ. ನೆತ್ತಿಯಿಂದ 45 ಡಿಗ್ರಿ ಕೆಳಗೆ ನೋಡಿದರೆ ದೃಶ್ಯ ಬೆಳಕಿನ ಎರಡು ತುದಿಗಳ ನಡುವೆ ಒಂದು ವಿಕಲೆಗೂ ಹೆಚ್ಚು ಬಿರುಕು ಬೀಳುತ್ತದೆ. ಆಧಾರ ನಕ್ಷತ್ರಗಳು ಹಳದಿ, ಕ್ವೇಸಾರ್ ನೀಲಿ. ಬಣ್ಣದ ಜರಡಿ (ಫಿಲ್ಟರ್) ಹಾಕದೆ ತೆಗೆದ ಚಿತ್ರದಲ್ಲಿ ಕ್ವೇಸಾರ್ ತಾನಿರುವ ಜಾಗದಲ್ಲಿ ಕಾಣುವುದಿಲ್ಲ. ಇನ್ನೊಂದು, ಹೊಸಬರು ಮರೆಯುವುದು: ಗಾಯಾ ಮೂರನೇ ಪಟ್ಟಿಯ ಸ್ಥಾನಗಳು 2016ರ ಆರಂಭಕ್ಕೆ ಹೇಳಿದವು. ಇವತ್ತಿನ ಚಿತ್ರಕ್ಕೆ ಪ್ರತಿ ನಕ್ಷತ್ರವನ್ನೂ ಅದರ ಚಲನೆಯಷ್ಟು ಮುಂದೆ ಸರಿಸಬೇಕು. ವರ್ಷಕ್ಕೆ ವಿಕಲೆಯ ಸಾವಿರದಲ್ಲಿ ಇಪ್ಪತ್ತು ಪಾಲು ಸರಿಯುವ ನಕ್ಷತ್ರ ಹತ್ತು ವರ್ಷದಲ್ಲಿ 0.2 ವಿಕಲೆ ಆಚೆ ಹೋಗಿರುತ್ತದೆ. ಗಾಯಾ 2025ರ ಜನವರಿ 15ಕ್ಕೆ ಕಣ್ಣು ಮುಚ್ಚಿತು. ಮಂದ ನಕ್ಷತ್ರಗಳ ಚಲನೆಯಲ್ಲಿ ಅದಕ್ಕೇ ಇದ್ದ ಸಣ್ಣ ಅನುಮಾನ ಇನ್ನು ವರ್ಷದಿಂದ ವರ್ಷಕ್ಕೆ ಬಡ್ಡಿಯಂತೆ ಬೆಳೆಯುತ್ತದೆ. ಅದೂ ಒಂದು ದಿನ ಎಸ್‌ಎಒ ಪಟ್ಟಿಯಾಗುವುದೇ.

ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿಯನ್ನು ಲೇಖನ ಮುಟ್ಟಲೇ ಇಲ್ಲ. ಗಾಯಾ ಸ್ಥಾನವನ್ನೂ ರೇಡಿಯೋ ಜಾಲದ ಸ್ಥಾನವನ್ನೂ ಪಕ್ಕಪಕ್ಕ ಇಟ್ಟಾಗ ಹೆಚ್ಚಿನ ಕ್ವೇಸಾರುಗಳಲ್ಲಿ ಎರಡೂ ಕೂಡಿದವು, ಒಂದಷ್ಟರಲ್ಲಿ ಕೂಡಲಿಲ್ಲ. ಅಳತೆಯ ದೋಷವೆಂದರೆ ದಿಕ್ಕಾಪಾಲಾಗಿ ಚದುರಬೇಕಿತ್ತು. 2017ರಲ್ಲಿ ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕ್ವೇಸಾರಿನಿಂದ ಚಿಮ್ಮುವ ಜೆಟ್ಟಿನ ಸಾಲಿಗೇ ಬಿದ್ದಿತ್ತು, ಒಂದೋ ಜೆಟ್ಟಿನ ಕಡೆಗೆ, ಇಲ್ಲ ಅದರ ಹಿಂದಕ್ಕೆ. ರೇಡಿಯೋ ಕಾಣುವುದು ಜೆಟ್ಟಿನ ಬುಡವನ್ನು. ಬೆಳಕಿನ ನಡುಮಧ್ಯ ಜೆಟ್ಟಿನ ಹೊಳಪಿನಿಂದ ಮುಂದಕ್ಕೆ ಎಳೆದುಕೊಂಡಿರಬಹುದು, ಕಪ್ಪುಕುಳಿಯ ಸುತ್ತಲಿನ ತಟ್ಟೆಯ ಹೊಳಪಿನಿಂದ ಹಿಂದಕ್ಕೂ ಉಳಿದಿರಬಹುದು. ವಿಕಲೆಯ ಸಾವಿರದಲ್ಲಿ ಒಂದೆರಡು ಪಾಲಿನ ಈ ‘ತಪ್ಪು’, ಯಾವ ಬೆಳಕಿನ ದೂರದರ್ಶಕವೂ ಬಿಡಿಸಿ ತೋರಿಸಲಾರದ ಒಳಮನೆಯ ಸುದ್ದಿ ಹೇಳಿತು. ಎರಡು ಅಳತೆ ಕೂಡಲಿಲ್ಲವೆಂದು ಒಂದನ್ನು ಅಳಿಸಿಹಾಕಿದ್ದರೆ ಅದು ಸಿಗುತ್ತಿರಲಿಲ್ಲ. ನನ್ನ 3.4 ವಿಕಲೆಯನ್ನು ನಾನು ಹಾಗೇ ಅಳಿಸಿಹಾಕಿದ್ದೆ.

ಹಾಗಾಗಿ ನನ್ನ ಕೋರಿಕೆ ಎರಡು. ‘ಕೆಲಸ ಮುಗಿದಿದೆ’ ಎಂಬ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಇನ್ನು ಮುಂದೆ ಇಂಥ ಚಿತ್ರ ಅಚ್ಚು ಹಾಕುವಾಗ ಬಿಳಿ ವೃತ್ತ ಎಂದರೇನು ಎಂದು ಅಡಿಬರಹದಲ್ಲಿ ಹೇಳಿ: ರೇಡಿಯೋ ಸ್ಥಾನದ ಅನುಮಾನವೋ, ಅಥವಾ ಓದುಗರಿಗೆ ‘ಇಲ್ಲಿ ನೋಡಿ’ ಎಂದು ಕಲಾವಿದರು ಎಳೆದ ಗೆರೆಯೋ. ಇವೆರಡಕ್ಕೂ ಆಕಾಶ ಭೂಮಿಯ ಅಂತರ.

ಪತ್ರಿಕೆಯ ಚಿತ್ರದ ಮೇಲೆ ನಾನು ಸ್ಕೇಲಿಟ್ಟು ನೋಡಿದ್ದೇನೆ, ಅಭ್ಯಾಸ ಬಲ. ಮೂಲೆಯಲ್ಲಿ ಕೊಟ್ಟಿರುವ 10 ವಿಕಲೆಯ ಗೆರೆ 22 ಮಿಲಿಮೀಟರ್ ಬರುತ್ತದೆ. ವೃತ್ತದ ಕೇಂದ್ರದಿಂದ ನಿಮ್ಮ ಲೇಖಕರು ಆರಿಸಿದ ಗೆಲಾಕ್ಸಿ 4 ಮಿಲಿಮೀಟರ್ ಆಚೆ, ಅಂದರೆ 1.8 ವಿಕಲೆ. ಎರಡನೆಯ ಚುಕ್ಕೆ ಇನ್ನೂ ದೂರ. ಕೆಳಗಡೆ ಬಲಕ್ಕೆ, ಮುದ್ರಣದ ಕಲೆಯೋ ಏನೋ ಎನ್ನಿಸುವ ಮೂರನೆಯದೊಂದಿದೆ. ಅದು ಕೇಂದ್ರದಿಂದ ಒಂದು ಮಿಲಿಮೀಟರೂ ಇಲ್ಲ. ಅಚ್ಚಿನ ಚುಕ್ಕೆಗಳಿಂದಾಗಿ ನನ್ನ ಓದಿನಲ್ಲಿ ಅರ್ಧ ಮಿಲಿಮೀಟರ್ ಅನುಮಾನ ಇಟ್ಟುಕೊಳ್ಳಿ. ಪುಟವನ್ನು ತಲೆಕೆಳಗು ಮಾಡಿಯೂ ಒಮ್ಮೆ ಅಳೆದೆ, ಅಷ್ಟೇ ಬಂತು.

ನಿಮ್ಮ ವಿಶ್ವಾಸಿ,
ನಿವೃತ್ತ ಅಳತೆ ಸಹಾಯಕಿ